ಅಳಿಲು, ಓತಿಕ್ಯಾತದ ಫೋಟೊ ಗೋಡೆಗೆ ಚೆನ್ನಾಗಿರುತ್ತಾ?

ಮನೆ ಗೋಡೆಗೆ ಪ್ರಾಣಿಗಳ ದೊಡ್ಡ ಫೋಟೊ ಹಾಕಬೇಕು, ಆದರೆ ಇರೋದು 55-250 ಎಂಎಂ ಝೂಮ್ ಲೆನ್ಸ್ ಒಂದೇ, ಸಫಾರಿಗೆ ದುಡ್ಡಿಲ್ಲ, ಊರಲ್ಲಿ ಸಿಗೋ ಪ್ರಾಣಿಗಳನ್ನೇ ತೆಗೆದರೆ ಹೇಗೆ ಅಂತ ಕೇಳಿದ್ದೀರಿ. ಅದೇ ಒಳ್ಳೆಯದು. ನಾನು ಗಂಗಾವತಿಯವನು. ನಮ್ಮ ಮನೆ ಗೋಡೆ ಮೇಲಿರೋದು ಒಂದು ಓತಿಕ್ಯಾತ, ಒಂದು ಮುಸಿಯ. ಎರಡೂ ಆನೆಗೊಂದಿ ಕಡೆ ಬಂಡೆಗಳಲ್ಲಿ, ಇಂಥದ್ದೇ ಲೆನ್ಸ್‌ನಲ್ಲಿ ತೆಗೆದದ್ದು.

ಮೊದಲು ನಾನೂ ದರೋಜಿ ಕರಡಿಧಾಮಕ್ಕೆ ಓಡಿದ್ದೆ. ಬಂಡೆಗೆ ಹಚ್ಚಿದ್ದ ಬೆಲ್ಲವನ್ನು ಕರಡಿ ನೆಕ್ಕುತ್ತಿತ್ತು. ಫೋಟೊದಲ್ಲಿ ನೋಡಿದರೆ ಕರಡಿಯೇ ಬೆಲ್ಲದ ಚೂರಿನಷ್ಟಿತ್ತು! ಮುಖ ತುಂಬ ಬರಬೇಕಾದರೆ ಹತ್ತಿರ ಹೋಗಬೇಕು. ಹತ್ತಿರ ಬಿಟ್ಟುಕೊಳ್ಳೋದು ಮನುಷ್ಯರನ್ನು ದಿನಾ ನೋಡೋ ಪ್ರಾಣಿ ಮಾತ್ರ.

ಓತಿಕ್ಯಾತದ ಕತೆ ಹೇಳ್ತೀನಿ. ಬೇಸಿಗೆ ಮುಗಿದು ಮಳೆ ಹಿಡಿಯೋ ಹೊತ್ತಿಗೆ ಬಂಡೆ ಮೇಲಿನ ಗಂಡಿಗೆ ಬೆನ್ನು ಕೆಂಪು, ಪಕ್ಕೆ ಕಪ್ಪು ಬಣ್ಣ ಬರುತ್ತೆ. ನಾನು ನೋಡಿದ್ದು ದಿನವೂ ಅದೇ ಕಲ್ಲು ಹತ್ತಿ ತಲೆ ಕುಣಿಸುತ್ತಿತ್ತು. ಎರಡು ದಿನ ಕ್ಯಾಮೆರಾ ಹೊರಗೆ ತೆಗೆಯದೆ ಸುಮ್ನೆ ಕೂತೆ. ಮೂರನೇ ದಿನ ಬೋರಲು ಮಲಗಿ ತೆವಳಿದೆ. ಹೆದರಿಸಿದರೆ ಆ ಬಣ್ಣವೇ ಮಂಕಾಗುತ್ತೆ, ಹಾಗಾಗಿ ಅವಸರ ಬೇಡ. ಒಂದು ಮೀಟರ್ ಹತ್ತಿರ ಹೋದಾಗ ಕಣ್ಣಿನ ಸುತ್ತ ರಾಗಿ ಕಾಳಿನಂಥ ಹುರುಪೆಗಳು ಕಂಡವು. ತುಟಿ ಅಂಚಲ್ಲಿ ಇರುವೆಯ ಒಂದು ಕಾಲು ಅಂಟಿಕೊಂಡಿತ್ತು. ಬಂದವರೆಲ್ಲ ಮೊದಲು ನೋಡೋದು ಆ ಕಾಲನ್ನೇ.

ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕಿರಲಿ, ನಿಂತು ತೆಗೀಬೇಡಿ. ಝೂಮ್ ಪೂರ್ತಿ 250ಕ್ಕೆ, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡೋ ಕಿಂಡಿ) 5.6ಕ್ಕೆ, ಫೋಕಸ್ ನಿಮಗೆ ಹತ್ತಿರದ ಕಣ್ಣಿನ ಮೇಲೆ. ಹಿಂದಿನ ಬಂಡೆ ದೂರ ಇದ್ದಷ್ಟೂ ಹಿನ್ನೆಲೆ ನುಣ್ಣಗೆ ಬರುತ್ತೆ. ಮುಸಿಯದ ಕಪ್ಪು ಮುಖ ಫ್ರೇಮ್ ತುಂಬಿದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣ ಮಾಡಿಬಿಡುತ್ತೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ. ತಿನ್ನಿಸಲು ಹೋಗಬೇಡಿ. ಬಾಳೆಹಣ್ಣು ತೋರಿಸಿದರೆ ಫೋಟೊದಲ್ಲಿ ಬರೋದು ಹಣ್ಣು ನೋಡೋ ಮುಖ. ಆಮೇಲೆ ಅಂಜನಾದ್ರಿ ಮೆಟ್ಟಿಲ ಮೇಲೆ ಬ್ಯಾಗ್ ಕಿತ್ತುಕೊಂಡವು ಅಂತ ಗೋಳಾಡೋದೂ ನಾವೇ ಅಲ್ವಾ?

ಪ್ರಿಂಟ್‌ನಲ್ಲಿ ನಾನು ದುಡ್ಡು ಕಳೆದುಕೊಂಡೆ. ಲ್ಯಾಪ್‌ಟಾಪ್ ಬೆಳಕು ಪೂರ್ತಿ ಏರಿಸಿ ಎಡಿಟ್ ಮಾಡಿದ್ದೆ, 12x18 ಇಂಚಿನ ಪ್ರಿಂಟ್ ಕಾಡಿಗೆ ಬಳಿದಂಗೆ ಬಂತು. ಮೊದಲು 4x6 ಒಂದು ಹಾಕಿಸಿ ನೋಡಿ. 24 ಮೆಗಾಪಿಕ್ಸೆಲ್ ಇದ್ದರೆ 12x18ಕ್ಕೆ ಧಾರಾಳ ಆಯ್ತು. ಮ್ಯಾಟ್ ಪೇಪರ್ ತಗೊಳ್ಳಿ, ಹೊಳೆಯೋ ಪೇಪರ್‌ನಲ್ಲಿ ಓತಿಕ್ಯಾತಕ್ಕಿಂತ ಟ್ಯೂಬ್‌ಲೈಟೇ ಜಾಸ್ತಿ ಕಾಣುತ್ತೆ.

ಎಲ್ಲಿ ಹಾಕಬೇಕು ಅನ್ನೋದನ್ನು ಮನೆಯವರ ಹತ್ತಿರ ಮೊದಲೇ ಮಾತಾಡಿ. ನಮ್ಮಮ್ಮ ಓತಿಕ್ಯಾತವನ್ನು ಹಾಲ್‌ನಿಂದ ಎತ್ತಿಸಿ ಮೆಟ್ಟಿಲ ಗೋಡೆಗೆ ಕಳಿಸಿದ್ದಾರೆ. ಮುಸಿಯ ಮಾತ್ರ ಹನುಮಪ್ಪ ಅಂತ ದೇವರ ಕೋಣೆ ಬಾಗಿಲ ಪಕ್ಕದಲ್ಲೇ ಇದೆ, ಶನಿವಾರ ಒಂದು ಹೂವೂ ಸಿಗುತ್ತೆ.