ಗೋಡೆಯ ಮರೆಯಲ್ಲಿರುವ ಶತ್ರುವನ್ನು 'ಸ್ಪಿರಿಚುವಲ್ ವೆಪನ್' ಹೊಡೆಯಬಹುದೇ?

ಹೊಡೆಯಬಹುದು, ಆದರೆ ಕುರುಡಾಗಿ. ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದಲ್ಲಿ ತೇಲುವ ಮಾಯಾ ಆಯುಧವೊಂದನ್ನು ಮೂಡಿಸುವ ಮಂತ್ರ. ಆಟದ 2014ರ ನಿಯಮಗಳ ಪ್ರಕಾರ, ಮಂತ್ರ ಪ್ರಯೋಗಿಸುವಾಗ ಆಯುಧ ಮೂಡುವ ಜಾಗ 60 ಅಡಿಯೊಳಗಿರಬೇಕು, ನಡುವೆ ಪೂರ್ತಿ ಮರೆಮಾಡುವ ಅಡ್ಡಿ ಇರಬಾರದು. ಆಮೇಲೆ ಪ್ರತಿ ಸರದಿಯಲ್ಲೂ ಬೋನಸ್ ಆಕ್ಷನ್ (ಮುಖ್ಯ ಕ್ರಿಯೆಯ ಜೊತೆಗೆ ಮಾಡಬಹುದಾದ ಹೆಚ್ಚುವರಿ ಕ್ರಿಯೆ) ಬಳಸಿ ಅದನ್ನು 20 ಅಡಿಯವರೆಗೆ ಸರಿಸಿ, ಅದರಿಂದ 5 ಅಡಿಯೊಳಗಿರುವ ಜೀವಿಯ ಮೇಲೆ ದಾಳಿ ಮಾಡಬಹುದು. 'ನಿಮಗೆ ಕಾಣುವ ಜೀವಿ' ಎಂಬ ಷರತ್ತು ಇಲ್ಲಿಲ್ಲ. ಬೇರೆ ಹಲವು ಮಂತ್ರಗಳಲ್ಲಿ ಅದನ್ನು ಬಿಡಿಸಿಯೇ ಬರೆದಿದ್ದಾರೆ. ಹಾಗಾಗಿ ಆಯುಧ ಮೂಲೆ ತಿರುಗಿ ಹೋಗಬಹುದು.

ಆದರೆ ಆಯುಧಕ್ಕೆ ಕಣ್ಣಿಲ್ಲ, ದಾಳಿಕೋರರು ನೀವೇ. ಗುರಿ ನಿಮಗೆ ಕಾಣದಿದ್ದರೆ ಇಪ್ಪತ್ತು ಮುಖದ ದಾಳವನ್ನು ಎರಡು ಬಾರಿ ಉರುಳಿಸಿ ಕಡಿಮೆ ಬಂದ ಸಂಖ್ಯೆಯನ್ನೇ ಒಪ್ಪಿಕೊಳ್ಳಬೇಕು. ಊಹಿಸಿದ ಜಾಗದಲ್ಲಿ ಶತ್ರುವೇ ಇಲ್ಲದಿದ್ದರೆ ಏಟು ಗಾಳಿಗೆ. ಇನ್ನು ಆಯುಧ ಗೋಡೆಯನ್ನೇ ತೂರಿ ಹೋಗಲು, ಆಟ ನಡೆಸುವಾಗ ನಾನಂತೂ ಬಿಡುವುದಿಲ್ಲ.