ಸೆಕೆಂಡ್ ಹ್ಯಾಂಡ್ ಕ್ರೆಟಾ ತಗೋಬೇಕು, 2017, 2018, 2020 ಮೂರು ಸಿಕ್ಕಿದಾವೆ, ಯಾವ ಮಾಡೆಲ್ ಒಳ್ಳೇದು?

ನಿಮ್ದು ದಾವಣಗೆರೆನೇ ಅಂದ್ರಿ, ವಿದ್ಯಾನಗರದಿಂದ ಪಿ.ಬಿ. ರೋಡ್ ಅಂಗಡಿಗೆ ದಿನಾ ಓಡಾಟ, ತಿಂಗಳಿಗೆ ಎರಡು ಸಲ ಜಗಳೂರು ಕಡೆ ಊರಿಗೆ, ಎರಡು ತಿಂಗಳಿಗೊಂದ್ಸಲ ಬೆಂಗಳೂರು, ಕೈಲಿ 9.5 ಲಕ್ಷ ಐತೆ. ನೋಡಿಟ್ಟಿರೋದು ಡೀಸೆಲ್ ಕ್ರೆಟಾ ಮೂರು, ಒಂದು 2019 ಟಾಟಾ ಹ್ಯಾರಿಯರ್. ವರ್ಷ ಹೊಸದಾದಷ್ಟೂ ಒಳ್ಳೇದಲ್ವಾ ಅಂತ ಕೇಳಿದೀರಿ. ಅಲ್ಲ ರೀ. ನಾನು ಮೆಕ್ಯಾನಿಕ್ ಅಲ್ಲ, ನಂದೊಂದು ಹಾರ್ಡ್‌ವೇರ್ ಅಂಗಡಿ, ಆದ್ರೆ 2022ರಲ್ಲಿ ನಾಲ್ಕು ತಿಂಗಳು ಇದೇ ಕ್ರೆಟಾ ಹಿಂದೆ ಬಿದ್ದು ಹರಿಹರ, ದುರ್ಗ, ರಾಣೆಬೆನ್ನೂರು ಎಲ್ಲಾ ಸುತ್ತಿ ಒಂದು ತಗೊಂಡವನು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಬೇಜಾರಾಗ್ಬೇಡಿ.

ಮೊದಲು ಒಂದು ಕಥೆ. ಆಗ ಒಬ್ಬ ಡೀಲರ್ ಫೋನ್ ಮಾಡಿ "ಸಾರ್ 2018 ಮಾಡೆಲ್, ಟಾಪ್ ಎಂಡ್, ಸಿಂಗಲ್ ಓನರ್, ಶೋರೂಮ್ ಮೇಂಟೇನ್, ಇವತ್ತೇ ಬಂದ್ರೆ ಇರುತ್ತೆ, ನಾಳೆ ಗ್ಯಾರಂಟಿ ಇಲ್ಲ" ಅಂದ. ಓಡೋದೆ. ಬಿಳಿ ಗಾಡಿ, ತೊಳೆದು ಪಾಲಿಶ್ ಹೊಡೆದು ನಿಲ್ಸಿದ್ದ, ಸೀಟ್ ಕವರೆಲ್ಲ ಹೊಸದು. ಒಳಗೆ ಕೂತು ಮೇಲೆ ನೋಡ್ತೀನಿ, ಸನ್‌ರೂಫ್ ಇಲ್ಲ. ಟಾಪ್ ಎಂಡ್ ಅಂತೀರಾ, ಸನ್‌ರೂಫ್ ಎಲ್ಲಿ ಅಂದೆ. "ಅದು ಆಪ್ಷನ್ ಸಾರ್" ಅಂದ. ಆರ್‌ಸಿ ಕೇಳಿದೆ, ಟೀ ತರ್ಸಿದ. ಮತ್ತೆ ಕೇಳಿದೆ, ಆಮೇಲೆ ಕೊಟ್ಟ. ರಿಜಿಸ್ಟ್ರೇಷನ್ 2018 ಫೆಬ್ರವರಿ, ಅದರ ಕೆಳಗೆ ಮ್ಯಾನುಫ್ಯಾಕ್ಚರಿಂಗ್ ಅಂತ ಇರುತ್ತಲ್ಲ, ಅಲ್ಲಿ 11/2017. ಕೇಳಿದ್ರೆ "ರಿಜಿಸ್ಟ್ರೇಷನ್ 2018 ಅಲ್ವಾ ಸಾರ್, ನಾನೇನ್ ಸುಳ್ಳು ಹೇಳಿದೀನಾ" ಅಂತಾನೆ. ಸುಳ್ಳಂತೂ ಹೇಳಿರ್ಲಿಲ್ಲ ಬಿಡಿ!

ಇದು ಯಾಕೆ ಮುಖ್ಯ ಅಂದ್ರೆ ಕ್ರೆಟಾ ನಮ್ಮಲ್ಲಿ ಬಂದಿದ್ದು 2015 ಜುಲೈ, ಫೇಸ್‌ಲಿಫ್ಟ್ ಆಗಿದ್ದು 2018 ಮೇ. ಮುಂದಿನ ಗ್ರಿಲ್, ಬಂಪರ್ ಬದಲಾಗಿದ್ದು ಆಗ, ಮೇಲಿನ ವೇರಿಯಂಟಿಗೆ ಸನ್‌ರೂಫ್ ಬಂದಿದ್ದೂ ಆಗ್ಲೇ. ಅಂದ್ರೆ 2018 ಅನ್ನೋ ಒಂದೇ ವರ್ಷದಲ್ಲಿ ಎರಡು ಥರದ ಕ್ರೆಟಾ ಅದಾವೆ, ಫೆಬ್ರವರಿದು ಬೇರೆ, ಆಗಸ್ಟ್‌ದು ಬೇರೆ, ರೇಟ್ ಮಾತ್ರ ಇಬ್ರೂ ಒಂದೇ ಹೇಳ್ತಾರೆ. ಇನ್ನೊಂದು ಕಡೆಯಿಂದ ನೋಡಿದ್ರೆ ಎಂಜಿನ್ ವಿಷಯದಲ್ಲಿ ಎರಡೂ ಒಂದೇ, ಅದೇ 1.4 ಲೀಟರ್ ಡೀಸೆಲ್, 1.6 ಡೀಸೆಲ್, 1.6 ಪೆಟ್ರೋಲ್. ಹಂಗಾಗಿ ಸನ್‌ರೂಫ್ ನಿಮಗೆ ಬೇಡ, ಹಳೇ ಮುಖ ಪರವಾಗಿಲ್ಲ ಅನ್ನೋದಾದ್ರೆ 2017ರ ಗಾಡಿ ಏನೂ ಕೆಟ್ಟದ್ದಲ್ಲ, 2017ರ ರೇಟಿಗೆ ಸಿಗಬೇಕು ಅಷ್ಟೇ. ನಿಮ್ಮ ಲಿಸ್ಟಲ್ಲಿರೋ 2017 1.4 ಆಗಿದ್ರೆ ಬಿಟ್ಬಿಡಿ ಅಂತೀನಿ, ಶಕ್ತಿ 90 ಪಿಎಸ್ ಅದು, ಹಾರ್ಸ್‌ಪವರ್ ಥರದ ಅಳತೆ, ಐದು ಜನ ಕೂತು ಎಸಿ ಹಾಕಿ ಹೈವೇಲಿ ಲಾರಿ ಓವರ್‌ಟೇಕ್ ಮಾಡ್ಬೇಕಾದ್ರೆ ಗೊತ್ತಾಗುತ್ತೆ. 1.6 ಡೀಸೆಲ್ 128 ಪಿಎಸ್, ಅದರ ಪಿಕಪ್ಪೇ ಬೇರೆ.

ಈಗ ನಿಮ್ಮ "2020". ಇದ್ರಲ್ಲಿ ಮೋಸ ಹೋಗೋರು ಜಾಸ್ತಿ. ಹೊಸ ಜನರೇಷನ್ ಕ್ರೆಟಾ ಬಂದಿದ್ದು 2020 ಮಾರ್ಚ್, ಗಾಡಿ ಹೊಗೆಗೆ ಸರ್ಕಾರ ಇಟ್ಟಿರೋ ಮಿತಿ ಬಿಎಸ್6 ಕಡ್ಡಾಯ ಆಗಿದ್ದು ಅದೇ ವರ್ಷ ಏಪ್ರಿಲ್ 1, ಅದರ ಹಿಂದಿನದು ಬಿಎಸ್4. ಬಿಎಸ್4 ಸ್ಟಾಕ್ ಖಾಲಿ ಮಾಡ್ಬೇಕು ಅಂತ ಜನವರಿಯಿಂದ ಮಾರ್ಚ್ ತನಕ ಹಳೇ ಗಾಡಿಗಳನ್ನ ಡಿಸ್ಕೌಂಟಲ್ಲಿ ಮಾರಿದಾರೆ, ಅವೆಲ್ಲ ರಿಜಿಸ್ಟ್ರೇಷನ್ ಪ್ರಕಾರ 2020, ಒಳಗೆ 2019ರ ಹಳೇ ಕ್ರೆಟಾ. ಫೋಟೋ ನೋಡಿದ್ರೇ ತಿಳಿಯುತ್ತೆ, ಹೊಸದರ ಮುಂದಿನ ಲೈಟ್ ಒಡೆದು ಮೂರು ತುಂಡು ಮಾಡಿದಂಗೆ ಇರುತ್ತೆ. ಅನುಮಾನ ಇದ್ರೆ ಸರ್ಕಾರದ ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ, ಎಮಿಷನ್ ನಾರ್ಮ್ಸ್ ಅಂತ ಒಂದು ಸಾಲು ಬರುತ್ತೆ, ಭಾರತ್ ಸ್ಟೇಜ್ 4ಓ 6ಓ ಅಂತ ಅಲ್ಲೇ ಇರುತ್ತೆ. 2019 ಅಂದ್ರೆಲ್ಲಾ ಬಿಎಸ್4 ಅಂತನೂ ಅಲ್ಲ ಮತ್ತೆ, ಕಿಯಾ ಸೆಲ್ಟೋಸ್ 2019 ಆಗಸ್ಟಲ್ಲಿ ಬಂದಾಗ್ಲೇ ಬಿಎಸ್6 ಎಂಜಿನ್ ಇತ್ತು.

ಸರಿ, ನಿಜವಾಗ್ಲೂ ಹೊಸ ಜನರೇಷನ್ 2020 ಆಗಿದ್ರೆ ತಗೋಬೋದಾ? ಗಾಡಿ ಚೆನ್ನಾಗೈತೆ, ಆದ್ರೆ ನಿಮ್ಮ ಓಡಾಟಕ್ಕೆ ಡೀಸೆಲ್ ಬೇಡ. ಯಾಕೆ ಅಂತ ನಮ್ಮ ಭಾವನ ಕಥೆ ಹೇಳ್ತೀನಿ. ಅವರದ್ದೊಂದು ಬಿಎಸ್6 ಡೀಸೆಲ್ ಎಸ್‌ಯುವಿ, ಯಾವ ಕಂಪನಿ ಅಂತ ಬೇಡ ಬಿಡಿ. ಎಂಸಿಸಿ ಬ್ಲಾಕ್ ಮನೆಯಿಂದ ಮಂಡಿಪೇಟೆಗೆ ಬೆಳಿಗ್ಗೆ ಹೋಗೋದು, ಮಧ್ಯಾಹ್ನ ಊಟಕ್ಕೆ ಬರೋದು, ಸಂಜೆ ಮತ್ತೆ, ಒಂದೊಂದ್ಸಲಕ್ಕೆ ಎರಡು ಮೂರು ಕಿಲೋಮೀಟರ್ರು. ಆರು ತಿಂಗಳಾಗಿರ್ಲಿಲ್ಲ, ಡ್ಯಾಶ್‌ಬೋರ್ಡಲ್ಲಿ ಡಿಪಿಎಫ್ ಲೈಟ್ ಹತ್ತಿಕೊಳ್ತು. ಈ ಡಿಪಿಎಫ್ ಅನ್ನೋದು ಸೈಲೆನ್ಸರ್ ಲೈನಲ್ಲಿ ಕೂರಿಸಿರೋ ಜಾಲರಿ, ಹೊಗೆಯ ಮಸಿ ಹಿಡ್ಕೊಳ್ಳುತ್ತೆ, ತುಂಬಿದ ಮೇಲೆ ಅದನ್ನ ಗಾಡಿನೇ ಸುಟ್ಟು ಖಾಲಿ ಮಾಡ್ಕೋಬೇಕು, ಸುಡಬೇಕಂದ್ರೆ ಎಂಜಿನ್ ಚೆನ್ನಾಗಿ ಕಾದು ಒಂದೇ ಸಮ ಓಡ್ತಿರ್ಬೇಕು. ಊರೊಳಗಿನ ಓಡಾಟದಲ್ಲಿ ಸುಡೋಕೆ ಶುರು ಮಾಡೋ ಹೊತ್ತಿಗೆ ಅಂಗಡಿ ಬಂದುಬಿಟ್ಟಿರುತ್ತೆ, ಆಫ್. ಸರ್ವಿಸ್‌ನೋರು ಹೈವೇಲಿ ಒಂದು ರೌಂಡ್ ಹೊಡೆದು ಬನ್ನಿ ಅಂದ್ರು. ಭಾನುವಾರ ಬೆಳಿಗ್ಗೆ ನಾನೂ ಹೋದೆ ಜೊತೆಗೆ, ನಾಲ್ಕನೇ ಗೇರಲ್ಲಿ ಆರ್‌ಪಿಎಂ 2000ದ ಮೇಲೇ ಇಟ್ಕೊಂಡು ದುರ್ಗದ ಕಡೆ, ಭಾವನ ಕಣ್ಣು ರೋಡಿಗಿಂತ ಜಾಸ್ತಿ ಆ ಲೈಟ್ ಮೇಲೇ. ಆನಗೋಡು ದಾಟಿದ್ವಿ, ಹೋಗ್ಲಿಲ್ಲ. ಭರಮಸಾಗರ ಬಿಟ್ಟು ಸ್ವಲ್ಪ ಮುಂದೆ ಪಟ್ ಅಂತ ಆರಿತು, ಅವರು ಸ್ಟೀರಿಂಗಿಗೇ ಕೈ ಮುಗಿದ್ರು. ದುರ್ಗದಲ್ಲಿ ತಿಂಡಿ ತಿಂದು ವಾಪಸ್. ಈಗ ತಿಂಗಳಿಗೊಂದ್ಸಲ ಇದೇ ಕೆಲಸ, ನಮ್ಮಕ್ಕ ಅದಕ್ಕೆ ಗಾಡಿ ವಾಕಿಂಗ್ ಅಂತ ಹೆಸರಿಟ್ಟಿದಾಳೆ, ಡೀಸೆಲ್ಲು ಟೋಲು ಎಲ್ಲಾ ಸೇರಿಸಿದ್ರೆ ಆ ಇಡ್ಲಿ ಎಷ್ಟಕ್ಕೆ ಬಿತ್ತು ಅಂತ ಲೆಕ್ಕ ಹಾಕ್ಕೊಳಿ.

ಹಳೇ ಜನರೇಷನ್ ಬಿಎಸ್4 ಕ್ರೆಟಾ ಡೀಸೆಲ್‌ಗೆ ಈ ತಲೆನೋವು ಇಲ್ಲ, ಅದಕ್ಕೇ ನಾನು 2018 ಆಗಸ್ಟ್ ರಿಜಿಸ್ಟ್ರೇಷನ್, ಜುಲೈ ಮ್ಯಾನುಫ್ಯಾಕ್ಚರಿಂಗ್ ಗಾಡಿ ತಗೊಂಡಿದ್ದು. ಮೂರು ವರ್ಷ ಮಾರ್ಕೆಟ್‌ನಲ್ಲಿದ್ದು ಸಣ್ಣಪುಟ್ಟ ತೊಂದರೆ ಎಲ್ಲಾ ಸರಿ ಆದ ಮೇಲೆ ಬಂದಿದ್ದು ಅದು. ಯಾವುದೇ ಗಾಡಿ ಆಗ್ಲಿ ಬಿಡುಗಡೆ ಆದ ಮೊದಲನೇ ವರ್ಷದ್ದಕ್ಕಿಂತ ಆ ಜನರೇಷನ್ನಿನ ಕೊನೆ ಎರಡು ವರ್ಷದ್ದು ವಾಸಿ, ಇದು ನನ್ನ ಅಭಿಪ್ರಾಯ, ಒಪ್ಪದೇ ಇರೋರೂ ಅದಾರೆ.

ಇನ್ನೊಂದು ವಿಷಯ, ನೀವು ಡೀಸೆಲ್ಲೇ ಬೇಕು ಅಂತ ಯಾಕೆ ಕೂತಿದೀರಿ ಅಂತ ನಂಗೆ ಅರ್ಥ ಆಗ್ಲಿಲ್ಲ. ದಿನಾ 7 ಕಿಮೀ ಹಿಡಿದ್ರೂ ತಿಂಗಳಿಗೆ 180, ಜಗಳೂರು ಎರಡು ಸಲ ಹೋಗಿಬಂದ್ರೆ 200, ಬೆಂಗಳೂರು ತಿಂಗಳ ಲೆಕ್ಕಕ್ಕೆ 260, ಎಲ್ಲಾ ಸೇರಿ 640. ಪೆಟ್ರೋಲ್ ಲೀಟರಿಗೆ 12 ಕಿಮೀ ಕೊಡ್ತು, ಡೀಸೆಲ್ 16 ಕೊಡ್ತು ಅಂತ ಇಟ್ಕೊಳಿ, ಲೀಟರಿಗೆ 100, 90 ರೂಪಾಯಿ ಹಾಕಿದ್ರೆ ತಿಂಗಳಿಗೆ ಉಳಿಯೋದು 1700 ಆಸುಪಾಸು, ವರ್ಷಕ್ಕೆ 20 ಸಾವಿರ. ಅದೇ ವರ್ಷದ, ಅದೇ ವೇರಿಯಂಟ್ ಪೆಟ್ರೋಲಿಗಿಂತ ಡೀಸೆಲ್ 1 ಲಕ್ಷ ಜಾಸ್ತಿ ಹೇಳಿದ್ರೆ ಆ ದುಡ್ಡು ವಾಪಸ್ ಬರೋಕೆ 5 ವರ್ಷ. ಹಂಗಾಗಿ 2019ರ 1.6 ಪೆಟ್ರೋಲ್ ಒಂದು ಸಿಕ್ರೆ ಅದನ್ನೂ ನೋಡಿ. ಪೆಟ್ರೋಲಲ್ಲಿ ಒಂದು ಕೊಕ್ಕೆ ಏನಂದ್ರೆ ಈಗ ಬಂಕಲ್ಲಿ ಬರ್ತಿರೋದು ಇ20, ಅಂದ್ರೆ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್, 2023 ಏಪ್ರಿಲ್‌ಗೆ ಮುಂಚಿನ ಗಾಡಿಗಳು ಬಹುತೇಕ ಇ10 ಲೆಕ್ಕಕ್ಕೆ ಮಾಡಿದ್ದು, ಮೈಲೇಜ್ ಸ್ವಲ್ಪ ಇಳಿಯುತ್ತೆ, ಹಳೇ ರಬ್ಬರ್ ಪೈಪ್‌ಗಳ ಮೇಲೆ ಕಣ್ಣಿಡ್ಬೇಕು.

ಹ್ಯಾರಿಯರ್ ಬಗ್ಗೆ ಎರಡೇ ಮಾತು. 2019ದು 140 ಪಿಎಸ್, ಬರೀ ಮ್ಯಾನುಯಲ್. 2020ರಲ್ಲಿ ಬಿಎಸ್6 ಬಂದಾಗ 170 ಪಿಎಸ್ ಆಯ್ತು, ಆಟೋಮ್ಯಾಟಿಕ್ ಬಂತು, ಗಾಡಿ ಜಾರದಂಗೆ ಹಿಡಿಯೋ ಇಎಸ್‌ಪಿ ಎಲ್ಲಾ ವೇರಿಯಂಟಿಗೂ ಕೊಟ್ರು. ಹ್ಯಾರಿಯರ್ರೇ ಬೇಕು ಅಂದ್ರೆ ದುಡ್ಡು ಕೂಡಿಸ್ಕೊಂಡು 2020ದು ನೋಡಿ, ಆಗ್ಲೂ ಮೇಲೆ ಹೇಳಿದ ಡಿಪಿಎಫ್ ಕಥೆ ಇದ್ದೇ ಇರುತ್ತೆ. ಹಳೇ ಕ್ರೆಟಾಗಿಂತ ಅದು ಒಂದಡಿ ಉದ್ದ, ಅಗಲನೂ ಜಾಸ್ತಿ, ಹಳೇ ಪೇಟೆ ಓಣಿಯೊಳಗೆ ಎದುರಿಗೆ ಒಂದು ಲಗೇಜ್ ಆಟೋ ಬಂದ್ರೆ ಗೊತ್ತಾಗುತ್ತೆ.

ಗಾಡಿ ನೋಡೋಕೆ ಹೋದಾಗ ಬೆಳಕಲ್ಲೇ ಹೋಗಿ, ನಿಮ್ಮ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ, 500 ರೂಪಾಯಿ ಕೊಟ್ರೂ ಲಾಸಿಲ್ಲ. ಆ ಬಿಳಿ ಗಾಡಿಗೆ ನನ್ನ ಜೊತೆ ಬಂದಿದ್ದ ಹುಡುಗ ಮೊದಲು ಟೈರ್ ನೋಡಿದ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 3217 ಅಂದ್ರೆ 2017ರ 32ನೇ ವಾರ. ಮೂರು ಟೈರ್ 3217, ನಾಲ್ಕನೇದು, ಅಂದ್ರೆ ಮುಂದಿನ ಎಡಗಡೆದು ಮಾತ್ರ 2021ರದ್ದು. ಪಂಕ್ಚರಾಗಿ ಹಾಕ್ಸಿರ್ತಾರೆ ಬಿಡೋ ಅಂದೆ. ಅವನು ಮಾತಾಡ್ದೆ ಎಲ್ಲಾ ಗ್ಲಾಸಿನ ಮೂಲೆ ಒಂದೊಂದೇ ನೋಡ್ತಾ ಬಂದ, ಎಡಗಡೆ ಮುಂದಿನ ಬಾಗಿಲಿನ ಗ್ಲಾಸಿನ ಮಾರ್ಕೇ ಬೇರೆ. ಆಮೇಲೆ ಬಾಗಿಲ ರಬ್ಬರ್ ಬೀಡಿಂಗ್ ಕಿತ್ತು ನನ್ನ ಬೆರಳು ಹಿಡಿದು ಅಂಚಿನ ಮೇಲೆ ಸವರಿಸಿದ. ಬಲಗಡೆ ಅಂಚಲ್ಲಿ ಕಂಪನಿ ವೆಲ್ಡಿಂಗಿನ ಗುಳಿ ಗುಳಿ ಸಿಗ್ತಾವೆ, ಎಡಗಡೆ ನುಣ್ಣಗೆ, ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದಾರೆ, ಅಂದ್ರೆ ಎಡಗಡೆ ಗುದ್ದಿ ರಿಪೇರಿ ಆದ ಗಾಡಿ. ಡೀಲರ್ ಅಷ್ಟೊತ್ತಿಗೆ ಯಾರಿಗೋ ಫೋನ್ ಮಾಡೋಕೆ ಆಚೆ ಹೋಗಿದ್ದ.

ಮೀಟರ್ ನಂಬಬೇಡಿ, ಸರ್ವಿಸ್ ಸೆಂಟರಿನ ಹಿಸ್ಟರಿ ಕೇಳಿ. 2019ರಿಂದ ಈಚಿನದು 30 ಸಾವಿರ ಮಾತ್ರ ಓಡೈತೆ ಅಂದ್ರೆ ಕ್ಲಚ್ ಪೆಡಲ್ ರಬ್ಬರ್, ಸ್ಟೀರಿಂಗ್ ಸವೆದಿರೋದು ನೋಡಿ. ಆರ್‌ಸಿಲಿ ಬ್ಯಾಂಕ್ ಹೆಸರಿದ್ರೆ ಸಾಲ ತೀರಿದೆ ಅನ್ನೋ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡ್ಬೇಡಿ. ಗಾಡಿ ಹೆಸರು ಬದಲಾಯಿಸೋ 29, 30 ಫಾರಂ ಸಹಿ ಆದ ಮೇಲೆ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಹಳೇ ಓನರಿಗೆ ಸಿಗ್ತಿದ್ದ ರಿಯಾಯ್ತಿ, ಅಂದ್ರೆ ನೋ ಕ್ಲೇಮ್ ಬೋನಸ್, ನಿಮಗೆ ಬರಲ್ಲ, ಪ್ರೀಮಿಯಂ ಲೆಕ್ಕ ಹಾಕುವಾಗ ಅದು ನೆನಪಿರ್ಲಿ. ದೆಹಲಿ ಗಾಡಿ ಅರ್ಧ ರೇಟಿಗೆ ಅಂತ ಯಾರಾದ್ರೂ ಬ್ರೋಕರ್ ಬಂದ್ರೆ ಬೇಡ, ಅಲ್ಲಿ ಹಳೇ ಡೀಸೆಲ್ ಗಾಡಿಗೆ ನಿರ್ಬಂಧ ಜಾಸ್ತಿ ಅಂತ ಇಲ್ಲಿಗೆ ತಳ್ತಾರೆ, ಇಲ್ಲಿ ಲೈಫ್ ಟ್ಯಾಕ್ಸ್ ಬೇರೆ ಕಟ್ಬೇಕು.

ನಾನಾಗಿದ್ರೆ ಮೊದಲು ನಿಮ್ಮ ಆ 2018ರ ಆರ್‌ಸಿ ಫೋಟೋ ವಾಟ್ಸಾಪಲ್ಲಿ ತರ್ಸಿ ಮ್ಯಾನುಫ್ಯಾಕ್ಚರಿಂಗ್ ತಿಂಗಳು ನೋಡ್ತಿದ್ದೆ. ಮೇ ನಂತರದ್ದು, 1.6, ನಮ್ಮ ದಾವಣಗೆರೆ ಕೆಎ 17 ನಂಬರ್, ಹಿಸ್ಟರಿ ಸಿಗ್ತು ಅಂದ್ರೆ 8.5 ಲಕ್ಷದಿಂದ ಮಾತು ಶುರು ಮಾಡಿ, ಉಳಿದ ದುಡ್ಡಲ್ಲಿ ನಾಲ್ಕು ಟೈರ್ ಮತ್ತೆ ಕ್ಲಚ್ಚಿಗೆ ಅಂತ ಎತ್ತಿಡಿ. ಫೋಟೋ ಕಳ್ಸೋಕೆ ಹಿಂದೆ ಮುಂದೆ ನೋಡಿದ್ರೆ ಬಿಟ್ಟು 2017ದು ನೋಡೋಕೆ ಹೋಗಿ, ಅದೂ 1.6 ಆಗಿದ್ರೆ ಮಾತ್ರ.