ಕನ್ನಡಿ ಹಿಗ್ಗಿದ ಬಗೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಲಿಂಗಸೂಗೂರು ತಾಲ್ಲೂಕಿನ ವಿಜ್ಞಾನ ಶಿಕ್ಷಕರೊಬ್ಬರು ನಮಗೆ ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಚಿಲಿ ದೇಶದಲ್ಲಿ 39 ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ಕಟ್ಟುತ್ತಿರುವುದು ಪ್ರತಿಷ್ಠೆಯ ಪೈಪೋಟಿಯಲ್ಲದೆ ಮತ್ತೇನು ಎಂಬುದು ಒಂದು. ವರ್ಷದ ಬಹುಪಾಲು ಮೋಡವಿಲ್ಲದ ರಾಯಚೂರು ಸೀಮೆಯಲ್ಲಿ ದೊಡ್ಡ ದೂರದರ್ಶಕವೊಂದನ್ನು ಏಕೆ ನಿಲ್ಲಿಸಬಾರದು ಎಂಬುದು ಇನ್ನೊಂದು. ಎರಡೂ ಸಮಂಜಸವಾದ ಪ್ರಶ್ನೆಗಳು. ಮೊದಲನೆಯದಕ್ಕೆ ಇತಿಹಾಸವನ್ನು ತುಸು ಬಿಡಿಸಿಯೇ ಉತ್ತರಿಸಬೇಕಾಗುತ್ತದೆ.

ದೂರದರ್ಶಕದ ಮುಖ್ಯ ಕೆಲಸ ಬೆಳಕನ್ನು ಕೂಡಿಸುವುದು. ಹಿಗ್ಗಿಸಿ ತೋರಿಸುವುದು ಅದರ ನಂತರದ ಮಾತು. ಕನ್ನಡಿಯ ಅಗಲ ಎರಡು ಪಟ್ಟಾದರೆ ಕೂಡುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಖಗೋಳಜ್ಞರು ದೊಡ್ಡ ಕನ್ನಡಿಯನ್ನು ಬಯಸಿದ್ದು ಸಹಜ. ಆದರೆ ದೊಡ್ಡದನ್ನು ಮಾಡುವುದಕ್ಕಿಂತ, ಮಾಡಿದ್ದು ತನ್ನದೇ ಭಾರಕ್ಕೆ ಬಾಗದಂತೆ ನೋಡಿಕೊಳ್ಳುವುದು ಕಠಿಣವೆಂದು ಅವರು ಪ್ರತಿ ಹಂತದಲ್ಲೂ ಕಂಡುಕೊಂಡರು.

1789ರಲ್ಲಿ ವಿಲಿಯಂ ಹರ್ಷೆಲ್ ಇಂಗ್ಲೆಂಡಿನಲ್ಲಿ 48 ಇಂಚಿನ ಕನ್ನಡಿಯ, 40 ಅಡಿ ಉದ್ದದ ದೂರದರ್ಶಕವನ್ನು ಪೂರ್ಣಗೊಳಿಸಿದರು. ಆ ಕನ್ನಡಿ ಗಾಜಿನದಲ್ಲ, ತಾಮ್ರ ಮತ್ತು ತವರದ ಮಿಶ್ರಲೋಹದ್ದು. ನಮ್ಮ ಮನೆಗಳ ಕಂಚಿನ ಪಾತ್ರೆ ಮಾಸುವಂತೆ ಅದೂ ಮಾಸುತ್ತಿತ್ತು. ಮತ್ತೆ ಉಜ್ಜಿ ಹೊಳಪು ಕೊಡುವಾಗ ಅದರ ಆಕಾರವನ್ನೂ ಮತ್ತೆ ತಿದ್ದಬೇಕಾಗುತ್ತಿತ್ತು. ಹರ್ಷೆಲ್ ತಮ್ಮ ಹೆಚ್ಚಿನ ಕೆಲಸವನ್ನು ಮಾಡಿದ್ದು ಅದಕ್ಕಿಂತ ಚಿಕ್ಕದಾದ 20 ಅಡಿಯ ದೂರದರ್ಶಕದಲ್ಲಿ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ 72 ಇಂಚಿನ ಲೋಹದ ಕನ್ನಡಿಯನ್ನು ಎರಡು ಕಲ್ಲುಗೋಡೆಗಳ ನಡುವೆ ತೂಗುಹಾಕಿದರು. ಅದು ಆಕಾಶದ ಒಂದು ಪಟ್ಟಿಯತ್ತ ಮಾತ್ರ ತಿರುಗಬಲ್ಲುದಾಗಿತ್ತು, ಮೇಲಾಗಿ ಅಲ್ಲಿನ ಆಕಾಶ ಸದಾ ಮೋಡದ್ದು. ಹಾಗಿದ್ದೂ, ಮಂಜಿನ ಮಚ್ಚೆಯಂತೆ ಕಾಣುತ್ತಿದ್ದುದರಿಂದ ಅಂದು ನೀಹಾರಿಕೆಯೆನಿಸಿದ್ದ, ಇಂದು ಬೇರೊಂದು ನಕ್ಷತ್ರಲೋಕವೆಂದು ತಿಳಿದಿರುವ ಎಂ51ರ ಸುರುಳಿಯಾಕಾರವನ್ನು ಮನುಷ್ಯರು ಮೊದಲು ಗುರುತಿಸಿದ್ದು ಆ ಕನ್ನಡಿಯಲ್ಲೇ, ಅದೇ ವರ್ಷ. ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದು.

ಕನ್ನಡಿಯ ಬದಲು ಮಸೂರದಿಂದ ಬೆಳಕು ಕೂಡಿಸುವ ದಾರಿ 1897ರಲ್ಲಿ ಅಮೆರಿಕದ ಯರ್ಕ್ಸ್ ವೀಕ್ಷಣಾಲಯದ 40 ಇಂಚಿಗೇ ನಿಂತಿತು. ಮಸೂರವನ್ನು ಅಂಚಿನಲ್ಲಷ್ಟೇ ಹಿಡಿಯಬಹುದು, ಕನ್ನಡಿಗಾದರೆ ಹಿಂಬದಿಯಿಂದಲೂ ಆಸರೆ ಕೊಡಬಹುದು. ಅಷ್ಟರಲ್ಲಿ ಗಾಜಿನ ಮೇಲೆ ಬೆಳ್ಳಿಯ ತೆಳುಲೇಪ ಕೊಡುವ ವಿಧಾನವೂ ರೂಢಿಗೆ ಬಂದಿತ್ತು. ಲೇಪ ಮಾಸಿದರೆ ಗಾಜಿನ ಆಕಾರ ಕೆಡದಂತೆ ಹೊಸದನ್ನು ಕೊಡಬಹುದಾಗಿತ್ತು. 1917ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ ಸಿದ್ಧವಾದ 100 ಇಂಚಿನ ದೂರದರ್ಶಕದಲ್ಲಿ ಎಡ್ವಿನ್ ಹಬಲ್ 1923ರಲ್ಲಿ ಆಂಡ್ರೊಮಿಡಾದೊಳಗಿನ ಮಿಡಿಯುವ ನಕ್ಷತ್ರವೊಂದನ್ನು ಗುರುತಿಸಿ, ಅದರ ನೆರವಿನಿಂದ ದೂರವನ್ನು ಲೆಕ್ಕಹಾಕಿ, ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಆಚೆಗಿನ ಬೇರೊಂದು ನಕ್ಷತ್ರಲೋಕವೆಂದು ತೋರಿಸಿಕೊಟ್ಟರು. 1948ರ ಪಾಲೊಮಾರ್ ದೂರದರ್ಶಕದ 200 ಇಂಚಿನ ಕನ್ನಡಿಯನ್ನು ಶಾಖಕ್ಕೆ ಹೆಚ್ಚು ಹಿಗ್ಗದ ಪೈರೆಕ್ಸ್ ಗಾಜಿನಿಂದ, ತೂಕ ತಗ್ಗಲೆಂದು ಹಿಂಬದಿಯಲ್ಲಿ ಪೊಳ್ಳು ಬಿಟ್ಟು ಎರಕ ಹೊಯ್ದಿದ್ದರು.

ಪತ್ರಲೇಖಕರ ಸಂದೇಹಕ್ಕೆ ಪುಷ್ಟಿ ಕೊಡುವ ಉದಾಹರಣೆ 1970ರ ದಶಕದ ಸೋವಿಯತ್ ಒಕ್ಕೂಟದ್ದು. ಕಾಕಸಸ್ ಪರ್ವತಗಳಲ್ಲಿ ನಿಂತ 6 ಮೀಟರ್ ಕನ್ನಡಿ ಪಾಲೊಮಾರಿಗಿಂತ ದೊಡ್ಡದಾದರೂ, ಅದರ ದಪ್ಪ ಗಾಜು ರಾತ್ರಿಯ ತಂಪಿಗೆ ಹೊಂದಿಕೊಳ್ಳಲು ತಡವಾಗುತ್ತಿದ್ದುದರಿಂದಲೂ, ಅಲ್ಲಿನ ಗಾಳಿ ಸ್ಥಿರವಾಗಿಲ್ಲದ್ದರಿಂದಲೂ, ಗಾತ್ರಕ್ಕೆ ತಕ್ಕ ಫಲ ಕೊಡಲಿಲ್ಲ. ಒಂದೇ ಗಾಜನ್ನು ಹಿಗ್ಗಿಸುತ್ತ ಹೋಗುವುದು ದಾರಿಯಲ್ಲವೆಂಬುದು ಸ್ಪಷ್ಟವಾಗುತ್ತಿತ್ತು. ಹವಾಯಿಯ ಕೆಕ್ ದೂರದರ್ಶಕಕ್ಕಾಗಿ ಖಗೋಳಜ್ಞ ಜೆರ್ರಿ ನೆಲ್ಸನ್ 36 ಷಟ್ಕೋನ ಕನ್ನಡಿಗಳನ್ನು ಜೋಡಿಸಿ, ಗಣಕದ ನೆರವಿನಿಂದ ಅವು ಸದಾ ಒಂದೇ ಮೈಯಾಗಿ ನಿಲ್ಲುವಂತೆ ಮಾಡಿದರು. 1993ರಲ್ಲಿ ಕೆಲಸ ಆರಂಭಿಸಿದ ಆ ಕನ್ನಡಿಯ ಅಗಲ 10 ಮೀಟರ್. ಪತ್ರಲೇಖಕರು ಕೇಳಿದ, ಚಿಲಿಯ ಆರ್ಮಜೋನೆಸ್ ಬೆಟ್ಟದ ದೂರದರ್ಶಕದಲ್ಲಿ ಇಂಥ 798 ತುಂಡುಗಳಿರುತ್ತವೆ. ಕೆಕ್‌ಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು ಬೆಳಕು ಅದರಲ್ಲಿ ಕೂಡುತ್ತದೆ. ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹದ ವಾತಾವರಣದಲ್ಲಿ ಯಾವ ಅನಿಲವಿದೆಯೆಂದು ತಿಳಿಯಲು ಮೊದಲೇ ಕ್ಷೀಣವಾದ ಬೆಳಕನ್ನು ಬಣ್ಣಬಣ್ಣವಾಗಿ ಸೀಳಬೇಕಾಗುವುದರಿಂದ, ಈ ಗಾತ್ರವನ್ನು ಬರಿಯ ಪ್ರತಿಷ್ಠೆಯೆನ್ನಲು ನಾನು ಒಪ್ಪುವುದಿಲ್ಲ.

ಇನ್ನು ರಾಯಚೂರಿನ ಮಾತು. ನಮ್ಮ ಆಕಾಶ ನಿರ್ಮಲವಾದರೂ ಹಗಲೆಲ್ಲ ಕಾದ ಬಂಡೆ ಮತ್ತು ನೆಲ ರಾತ್ರಿಯಿಡೀ ಬಿಸಿಯುಸಿರು ಬಿಡುವುದರಿಂದ ಗಾಳಿ ಕದಲುತ್ತದೆ, ನಕ್ಷತ್ರದ ಬಿಂಬ ನಡುಗುತ್ತದೆ. ಧೂಳು ಮತ್ತು ದೀಪಗಳ ಬೆಳಕು ಬೇರೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ದೂರದರ್ಶಕವನ್ನು ಇರಿಸಿದ್ದು ಇದೇ ಕಾರಣಕ್ಕೆ. ಅದನ್ನು ನಡೆಸುವುದು ನಮ್ಮದೇ ರಾಜ್ಯದ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ರಾಯಚೂರು, ಕೊಪ್ಪಳಗಳು 1956ರವರೆಗೆ ಸೇರಿದ್ದ ಹೈದರಾಬಾದಿನಲ್ಲಿ 1901ರಲ್ಲೇ ನಿಜಾಮಿಯಾ ವೀಕ್ಷಣಾಲಯ ಆರಂಭವಾಗಿ, ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಅಂತರರಾಷ್ಟ್ರೀಯ ಪಟ್ಟಿ ಮಾಡುವ ಕೆಲಸದಲ್ಲಿ ಪಾಲ್ಗೊಂಡಿತ್ತೆಂಬುದನ್ನು ಮಕ್ಕಳಿಗೆ ಹೇಳಿದರೆ ಒಳ್ಳೆಯದು.

ಶಾಲೆಗೆ ನನ್ನ ಸಲಹೆ 6 ಇಂಚಿನ ಕನ್ನಡಿಯ ದೂರದರ್ಶಕ. 1781ರಲ್ಲಿ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡಿದ್ದು ಹೆಚ್ಚುಕಡಿಮೆ ಅಷ್ಟೇ ಅಗಲದ ಕನ್ನಡಿಯಲ್ಲಿ. ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ರಾತ್ರಿಗಳಲ್ಲಿ ಊರ ದೀಪಗಳಿಂದ ದೂರ ಹೋಗಿ, ಕನ್ನಡಿಯನ್ನು ಅರ್ಧ ಗಂಟೆ ಹೊರಗಿಟ್ಟು ತಣಿಸಿ, ಒರಾಯನ್ ನೀಹಾರಿಕೆಯಿಂದ ಆರಂಭಿಸಿರಿ.